ಚಿಕ್ಕಮ್ಮನ ಬೋರ್ಡು

2020ರ ಬೇಸಿಗೆ. ಲಾಕ್‌ಡೌನ್ ಆಯಿತೆಂದು ಬೆಂಗಳೂರಿನಿಂದ ಬಂದ ನನ್ನ ಮಗಳು ನಮ್ಮ ನಡುಮನೆಯ ಮೂಲೆಯಲ್ಲೇ ಆಫೀಸು ಹೂಡಿದಳು. ಒಂದು ಲ್ಯಾಪ್‌ಟಾಪು, ಕಿವಿಗೊಂದು ಹೆಡ್‌ಫೋನು, ಅಷ್ಟೇ. ಫೋನು, ಕಾಗದಪತ್ರ, ಹತ್ತು ಜನರ ಮೀಟಿಂಗು ಎಲ್ಲವೂ ಅದರೊಳಗೇ. ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದ ನಮ್ಮ ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಈ ಹೆಸರುಗಳ ಪಕ್ಕ ಹಸಿರು ಚುಕ್ಕೆ ಯಾಕೆ ಪುಟ್ಟೀ?"

"ಅವರು ಸೀಟಿನಲ್ಲಿದ್ದಾರೆ ಅಂತ ಅಜ್ಜಿ. ಕೆಂಪಿದ್ದರೆ ಬೇರೆ ಮಾತಿನಲ್ಲಿದ್ದಾರೆ ಅಂತ."

"ಅಯ್ಯೋ, ಇದು ನನ್ನ ಬೋರ್ಡು ಕಣೇ!" ಎಂದು ಚಿಕ್ಕಮ್ಮ ನಕ್ಕಳು.

ಮಗಳಿಗೆ ಅರ್ಥವಾಗಲಿಲ್ಲ, ನನಗಾಯಿತು. ಚಿಕ್ಕಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ 1972ರಲ್ಲಿ ದಾವಣಗೆರೆಯ ಒಂದು ಬಟ್ಟೆ ಗಿರಣಿಗೆ ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು. ಚಿಕ್ಕಂದಿನಲ್ಲಿ ಅವಳಿಗೆ ಬುತ್ತಿ ಕೊಡಲು ಹೋದಾಗ ಆ ಬೋರ್ಡನ್ನು ನಾನು ಕಣ್ಣರಳಿಸಿ ನೋಡುತ್ತಿದ್ದೆ. ಸಾಲುಸಾಲು ತೂತುಗಳು, ಒಂದೊಂದೂ ಒಂದೊಂದು ವಿಭಾಗದ್ದು. ಪುಟ್ಟ ದೀಪ ಹತ್ತಿದ ಕೂಡಲೇ ಚಿಕ್ಕಮ್ಮ ವೈರಿನ ತುದಿಯನ್ನು ಚುಚ್ಚಿ, "ಸಾಹೇಬರು ಈಗ ಗೋದಾಮಿನ ಕಡೆ ಹೋದರು, ಅಲ್ಲಿಗೇ ಕೊಡ್ತೀನಿ" ಎನ್ನುವಳು. ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡುವುದು, ಬಂದ ತಂತಿಯನ್ನು ಓದಿ ಹೇಳುವುದು, ಇಲ್ಲದವರಿಗೆ ಬಂದ ಸುದ್ದಿಯನ್ನು ಚೀಟಿಯಲ್ಲಿ ಬರೆದಿಡುವುದು, ಎಲ್ಲಾ ಅವಳದೇ. ಇಂದು ಕಂಪನಿಗಳು ಹಣ ಕೊಟ್ಟು ಹಾಕಿಸಿಕೊಳ್ಳುವ ‘ಯೂನಿಫೈಡ್ ಕಮ್ಯುನಿಕೇಶನ್ಸ್’ ಎಂಬ ವ್ಯವಸ್ಥೆ ಮಾಡುವುದೂ ಇದನ್ನೇ. ಬರುವ ಮಾತು ಯಾವ ದಾರಿಯಿಂದಲೇ ಬರಲಿ, ಒಂದೇ ಕಡೆ ಸೇರಿ, ತಲುಪಬೇಕಾದವರನ್ನು ಹುಡುಕಿ ತಲುಪಬೇಕು.

ಚರಿತ್ರೆ ಕಲಿಸುವ ಮೇಷ್ಟರಮ್ಮ ನಾನು, ಸುಮ್ಮನಿರಲಾದೀತೇ? ಈ ಬೋರ್ಡಿನ ಪೂರ್ವಾಪರ ಓದತೊಡಗಿದೆ. ಅಮೆರಿಕದಲ್ಲಿ ಮೊದಲು ಹುಡುಗರು ಆಪರೇಟರುಗಳಾಗಿದ್ದರಂತೆ. ಅವರ ಒರಟು ಮಾತಿಗೆ ಬೇಸತ್ತು, 1878ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಎಕ್ಸ್‌ಚೇಂಜಿಗೆ ಎಮ್ಮಾ ನಟ್ ಎಂಬಾಕೆಯನ್ನು ನೇಮಿಸಿಕೊಂಡರು. ಆಕೆಯೇ ಮೊದಲ ಮಹಿಳಾ ಆಪರೇಟರ್. ಅಲ್ಲಿಂದ ಮುಂದೆ ಅದು ಹೆಂಗಸರ ಕೆಲಸವೇ ಆಯಿತು. ಆದರೆ ಕ್ಯಾನ್ಸಸ್ ಸಿಟಿಯ ಶವಸಂಸ್ಕಾರದ ವ್ಯಾಪಾರಿ ಅಲ್ಮನ್ ಸ್ಟ್ರೋಜರ್ ಎಂಬಾತನಿಗೆ ಒಂದು ಅನುಮಾನ ಹುಟ್ಟಿತಂತೆ. ತನಗೆ ಬರಬೇಕಾದ ಕರೆಗಳನ್ನು ಆಪರೇಟರಮ್ಮ ಎದುರಾಳಿ ವ್ಯಾಪಾರಿಗೆ ಕೊಡುತ್ತಿದ್ದಾಳೆ ಎಂದು. ಅನುಮಾನ ನಿಜವೋ ಸುಳ್ಳೋ, ಆಪರೇಟರೇ ಬೇಡದ ಯಂತ್ರಕ್ಕೆ ಅವನು 1891ರಲ್ಲಿ ಪೇಟೆಂಟ್ ಪಡೆದದ್ದಂತೂ ನಿಜ. ಮರುವರ್ಷವೇ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಅಂಥ ಎಕ್ಸ್‌ಚೇಂಜ್ ಶುರುವಾಯಿತು.

ನಮ್ಮ ದೇಶದಲ್ಲಿ ಕಲ್ಕತ್ತೆಗೆ 1882ರಲ್ಲೇ ಎಕ್ಸ್‌ಚೇಂಜ್ ಬಂದಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆ ಸ್ಟ್ರೋಜರ್ ಮಾದರಿಯ ಯಂತ್ರಗಳನ್ನೂ ತಯಾರಿಸಿತು. 1960ರಲ್ಲಿ ಕಾನ್ಪುರ ಮತ್ತು ಲಕ್ನೋ ನಡುವೆ ಮೊದಲ ಎಸ್‌ಟಿಡಿ ಸಂಪರ್ಕವಾಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ನಮ್ಮ ಧೂಳು, ಸೆಕೆ ತಡೆಯುವಂಥ ಸಣ್ಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ರೂಪಿಸಿ, 1986ರಲ್ಲಿ ಮೊದಲು ಸ್ಥಾಪಿಸಿದ್ದು ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲೇ! ಇಂಥದೇ ತಂತ್ರದ ಪುಟ್ಟ ಪೆಟ್ಟಿಗೆಗಳು ಆಫೀಸುಗಳಿಗೂ ಬಂದವು. 1991ರಲ್ಲಿ ಚಿಕ್ಕಮ್ಮನ ಗಿರಣಿಗೂ ಒಂದು ಬಂತು. ಅವಳನ್ನು ಸ್ಟೋರಿಗೆ ಹಾಕಿದರು. "ನಿಮ್ಮ ಕೆಲಸ ಏನಿತ್ತು, ಚುಚ್ಚೋದು ಕೀಳೋದು ತಾನೇ" ಎಂದರಂತೆ ಒಬ್ಬರು. ಆ ಮಾತನ್ನು ಅವಳು ಇಂದಿಗೂ ಮರೆತಿಲ್ಲ.

ಆಗ ಫೋನಿಗೊಂದು ತಂತಿ, ಟೆಲೆಕ್ಸಿಗೊಂದು, ಟಪಾಲಿಗೆ ಸೈಕಲ್ಲು. ಕಂಪ್ಯೂಟರು ಬಂದು ಧ್ವನಿಯನ್ನೂ ಅಕ್ಷರವನ್ನೂ ಚಿತ್ರವನ್ನೂ ಅಂಕಿಗಳಾಗಿ ಚೂರು ಮಾಡಿದ ಮೇಲೆ ಎಲ್ಲಕ್ಕೂ ಒಂದೇ ದಾರಿ ಸಾಕಾಯಿತು. ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. 1999ರಲ್ಲಿ ‘ಸಿಪ್’ ಎಂಬ ನಿಯಮಾವಳಿ ರೂಪುಗೊಂಡಿತು. ಕರೆಯುವ ಮೊದಲು ಆ ವ್ಯಕ್ತಿ ಈಗ ಯಾವ ಯಂತ್ರದಲ್ಲಿದ್ದಾನೆ ಎಂದು ಹುಡುಕಿ, ಅಲ್ಲಿಗೆ ಗಂಟೆ ಹೊಡೆಯುವುದು ಅದರ ಕೆಲಸ. "ಗೋದಾಮಿಗೆ ಕೊಡ್ತೀನಿ" ಎಂದ ಹಾಗೇ ಅಲ್ಲವೇ? ಅನುಕೂಲವೇನೋ ಬಹಳ. ಆದರೆ ಒಂದೇ ದಾರಿಯಾದ ಮೇಲೆ ಅದು ಕೆಟ್ಟರೆ ಎಲ್ಲವೂ ಒಟ್ಟಿಗೇ ಮೂಕ. ಮೊದಲಾದರೆ ಫೋನು ಕೆಟ್ಟಾಗ ತಂತಿಯಾದರೂ ಇತ್ತು. ಆ ತಂತಿ ಸೇವೆಯೂ 2013ರ ಜುಲೈಯಲ್ಲಿ ನಿಂತುಹೋಯಿತು.

ಸ್ಟ್ರೋಜರನ ಕಥೆಯನ್ನು ಚಿಕ್ಕಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ವೇ, ಒಬ್ಬಳು ತಪ್ಪು ಮಾಡಿದ್ದಳೋ ಇಲ್ಲವೋ, ಎಲ್ಲರನ್ನೂ ಎಬ್ಬಿಸಿಬಿಟ್ಟನಲ್ಲ" ಎಂದು ಮತ್ತೆ ಹೂವಿಗೆ ಕೈಹಾಕಿದಳು.

ಅದೇ ವಾರ ಮಗಳು ಗೊಣಗಿದಳು: "ಈ ಹುಡುಗಿ ಮೂರು ದಿನದಿಂದ ಹಸಿರಾಗೇ ಇದ್ದಾಳೆ, ಏನು ಕೇಳಿದರೂ ‘ಸರಿ’ ಅಂತ ಬರೆಯುತ್ತಾಳೆ, ಮೀಟಿಂಗಿನಲ್ಲಿ ಬಾಯೇ ಬಿಡುವುದಿಲ್ಲ. ಕೆಲಸವೂ ಬಾಕಿ. ಮೇಲಿನವರಿಗೆ ಹೇಳಿಬಿಡ್ತೀನಿ."

"ಮೊದಲು ಮನೆಗೆ ಫೋನು ಮಾಡಿ ವಿಚಾರಿಸೇ" ಎಂದಳು ಚಿಕ್ಕಮ್ಮ.

ಮಾಡಿದಳು. ಆ ಹುಡುಗಿಯ ತಾಯಿ ಆಸ್ಪತ್ರೆಯಲ್ಲಿದ್ದರು. ಒಳಗೆ ಬಿಡುವುದಿಲ್ಲವೆಂದು ಮಗಳು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಕೂತಿದ್ದಳು. ಕೆಲಸ ಹೋದೀತೆಂದು ಯಾರಿಗೂ ಹೇಳಿರಲಿಲ್ಲ.

ಫೋನಿಟ್ಟ ನನ್ನ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಹುಡುಗಿಯ ಬಾಕಿ ಕೆಲಸವನ್ನೆಲ್ಲ ತನ್ನ ಹೆಸರಿಗೆ ಹಾಕಿಕೊಂಡಳು.

"ಹೇಗೆ ಗೊತ್ತಾಯ್ತು ಅಜ್ಜಿ ನಿಮಗೆ?"

"ಹತ್ತೊಂಬತ್ತು ವರ್ಷ ಅದೇ ತಾನೇ ಮಾಡಿದ್ದು" ಎಂದಳು ಚಿಕ್ಕಮ್ಮ. ಕಟ್ಟಿದ ಮಲ್ಲಿಗೆಯಲ್ಲಿ ಒಂದು ಮೊಳ ಕಿತ್ತು ಮಗಳ ಜಡೆಗೆ ಮುಡಿಸಿದಳು.