ಅಜ್ಜಿಯಿಂದ ಬಂದ ವಿಶ್ವಾಸ, ದಿನದಿನದ ವಾಚನ

ನಂದಗಡ ಎಂದೊಡನೆ ಕನ್ನಡಿಗರಿಗೆ ನೆನಪಾಗುವ ದಿನ ಜನವರಿ 26. 1831ರ ಆ ದಿನ ಸಂಗೊಳ್ಳಿ ರಾಯಣ್ಣನನ್ನು ಇಲ್ಲಿ ನೇಣಿಗೇರಿಸಿದರು. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಜನ ಇಂದಿಗೂ ಹರಕೆ ಹೊರುತ್ತಾರೆ. ಕಥೋಲಿಕ ಪಂಚಾಂಗದಲ್ಲಿ ಅದೇ ದಿನ ಸಂತ ತಿಮೊಥೇಯ ಮತ್ತು ಸಂತ ತೀತರ ಸ್ಮರಣೆ. ರವಿವಾರ ಬಿದ್ದ ವರ್ಷ ಬಿಟ್ಟರೆ ಆ ದಿನದ ಬಲಿಪೂಜೆಗೆ ಗೊತ್ತುಪಡಿಸಿದ ವಾಚನಗಳಲ್ಲಿ ಒಂದು, ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭ. ಸೆರೆಯಲ್ಲಿರುವ ಪೌಲ ತನ್ನ ಶಿಷ್ಯನಿಗೆ, ನಿನ್ನ ವಿಶ್ವಾಸ ಮೊದಲು ನೆಲೆಸಿದ್ದು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಎಂದು ನೆನಪಿಸುತ್ತಾನೆ. ಬೂದಿ ಮುಚ್ಚಿದ ಕೆಂಡವನ್ನು ಊದಿ ಉರಿಸುವಂತೆ ನಿನ್ನಲ್ಲಿರುವ ದೇವರ ವರವನ್ನು ಎಚ್ಚರಿಸಿಕೊ ಎನ್ನುತ್ತಾನೆ. ನಂದಗಡವನ್ನು ಕಂಡು ಯಾರೂ ಆ ವಾಚನವನ್ನು ಆರಿಸಲಿಲ್ಲ. ಆದರೂ ಸೆರೆಯಾಳಿನ ಈ ಮಾತು, ತನ್ನ ಮಾತಿಗಾಗಿ ಪ್ರಾಣ ಕೊಟ್ಟವನ ಊರಿನಲ್ಲಿ, ಅದೇ ದಿನ ಕಿವಿಗೆ ಬೀಳುತ್ತದೆ. ನಾವಾಗಿ ಆರಿಸಿಕೊಳ್ಳದ, ಧರ್ಮಸಭೆ ಕೈಗಿಟ್ಟ ವಾಚನವನ್ನು ದಿನವೂ ಓದಿ ಮನನ ಮಾಡುವ ರೂಢಿಯೇ ಈ ಗಡಿ ಸೀಮೆಯ ಕಥೋಲಿಕರನ್ನು ಒಂದು ಸಮುದಾಯವಾಗಿ ಮುಂದಿನ ತಲೆಮಾರಿಗೆ ದಾಟಿಸಬಲ್ಲದು ಎಂಬುದು ಈ ಲೇಖನದ ವಾದ.

ನಂದಗಡವಿರುವ ಖಾನಾಪುರ ಸೀಮೆಗೂ ಗೋವಾಕ್ಕೂ ನಡುವೆ ಇರುವುದು ಘಟ್ಟ ಮಾತ್ರ. ಆದ್ದರಿಂದ ನಮ್ಮ ವಿಶ್ವಾಸದ ಕಥೆಯನ್ನು ಗೋವಾದಿಂದಲೇ ಆರಂಭಿಸಬೇಕು. ಬೈಬಲ್ ಜನರ ಭಾಷೆಗೆ ಬರುವ ಮೊದಲೇ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಅವರು ರಕ್ಷಣೆಯ ಕಥೆಯನ್ನು ಕೊಂಕಣಿ ಬೆರೆತ ಮರಾಠಿಯ ಓವಿಗಳಲ್ಲಿ ಕಟ್ಟಿಕೊಟ್ಟರು. ಸುಮಾರು 11,000 ಓವಿಗಳ ಆ 'ಕ್ರಿಸ್ತಪುರಾಣ' 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಜನ ಅದನ್ನು ಚರ್ಚುಗಳಲ್ಲಿ ಹಾಡಿ ಕೇಳಿದರು. ಆದರೆ 1684ರಲ್ಲಿ ಪೋರ್ಚುಗೀಸ್ ಆಡಳಿತ ಕೊಂಕಣಿಯ ಬಳಕೆಯನ್ನೇ ನಿಷೇಧಿಸಿತು. ಬಲಿಪೂಜೆಯ ವಾಚನ ಲ್ಯಾಟಿನ್ ಭಾಷೆಯಲ್ಲೇ ಉಳಿಯಿತು. ಹೀಗೆ ಎರಡು ಕಡೆಯಿಂದ ಬಾಗಿಲು ಮುಚ್ಚಿದಾಗ ವಿಶ್ವಾಸವನ್ನು ಕಾಪಾಡಿದ್ದು ಮನೆಯೊಳಗಿನ ಸಂಜೆಯ ತೇರ್ಸ್, ಅಂದರೆ ಜಪಸರ. 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಕ್ಷೇತ್ರ ರೂಪುಗೊಂಡಾಗಲೂ ಬಲಿಪೂಜೆಯ ಭಾಷೆ ಲ್ಯಾಟಿನ್ನೇ ಆಗಿತ್ತು.

ಬದಲಾವಣೆ ತಂದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ. ಪವಿತ್ರ ಗ್ರಂಥದ ಭಂಡಾರವನ್ನು ಜನರಿಗೆ ಧಾರಾಳವಾಗಿ ತೆರೆಯಬೇಕೆಂದು ಅದು 1963ರಲ್ಲಿ ವಿಧಿಸಿತು. 1969ರಲ್ಲಿ ವಾಚನಗಳ ಹೊಸ ಕ್ರಮ ಬಂತು. ಹಳೆಯ ಕ್ರಮದಲ್ಲಿ ಒಂದೇ ವರ್ಷದ ಸುತ್ತು. ರವಿವಾರಗಳಲ್ಲಿ ಹಳೆಯ ಒಡಂಬಡಿಕೆಯ ವಾಚನ ಇಲ್ಲವೆಂಬಷ್ಟು ಕಡಿಮೆ. ಹೊಸ ಕ್ರಮದಲ್ಲಿ ರವಿವಾರಗಳಿಗೆ ಮೂರು ವರ್ಷದ ಸುತ್ತು: ಮೊದಲ ವರ್ಷ ಮತ್ತಾಯ, ಎರಡನೆಯದು ಮಾರ್ಕ, ಮೂರನೆಯದು ಲೂಕ, ಯೊವಾನ್ನನ ಶುಭಸಂದೇಶಕ್ಕೆ ಮುಖ್ಯವಾಗಿ ತಪಸ್ಸು ಕಾಲ ಮತ್ತು ಪಾಸ್ಖ ಕಾಲ. ಸಾಧಾರಣ ಕಾಲದ ವಾರದ ದಿನಗಳಲ್ಲಿ ಮೊದಲ ವಾಚನಕ್ಕೆ ಬೆಸ ವರ್ಷ, ಸರಿ ವರ್ಷ ಎಂಬ ಎರಡು ಸುತ್ತು. ಶುಭಸಂದೇಶ ಮಾತ್ರ ಪ್ರತಿವರ್ಷ ಅದೇ. ರೋಮಿನಲ್ಲಿ ಇಂದು ಓದುವ ಪುಟವನ್ನೇ ನಂದಗಡದಲ್ಲೂ ಓದುತ್ತೇವೆ. ಕೊಂಕಣಿಯಲ್ಲಿ ಓದಿದರೂ, ಮರಾಠಿಯಲ್ಲಿ ಓದಿದರೂ, ಕನ್ನಡದಲ್ಲಿ ಓದಿದರೂ ವಾಚನ ಒಂದೇ. ಭಾಷೆಯ ಹೆಸರಿನಲ್ಲಿ ಇಷ್ಟು ಜಗ್ಗಾಟ ಕಂಡ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಸಮುದಾಯ ಒಂದಾಗಲು ಎಲ್ಲರೂ ಒಂದೇ ಭಾಷೆಗೆ ಬರಲಿ ಎನ್ನುವವರಿಗೆ 1684ರ ಆಜ್ಞೆಯೇ ಉತ್ತರ: ಜನರ ನುಡಿಯನ್ನು ಕಿತ್ತುಕೊಂಡಾಗ ದೇವರ ವಾಕ್ಯವೂ ಅವರಿಂದ ದೂರವಾಯಿತು.

ನಮ್ಮ ಹಿರಿಯರು ಬೈಬಲ್ ಓದದೆಯೂ ಗಟ್ಟಿ ವಿಶ್ವಾಸಿಗಳಾಗಿದ್ದರಲ್ಲ ಎಂಬ ಆಕ್ಷೇಪ ಗೌರವಕ್ಕೆ ಅರ್ಹ. ಆದರೆ ಜಪಸರದ ರಹಸ್ಯಗಳನ್ನು ಎಣಿಸಿ ನೋಡಿ: ದೇವದೂತನ ಸಂದೇಶ, ಎಲಿಜಬೇತಳ ಭೇಟಿ, ಗೆತ್ಸೆಮನಿಯ ವೇದನೆ, ಪುನರುತ್ಥಾನ. ಹೆಚ್ಚಿನವು ಶುಭಸಂದೇಶದ ಘಟನೆಗಳೇ. ಅಕ್ಷರ ಬಾರದವರೂ ಮಣಿ ಎಣಿಸುತ್ತ ದಿನವೂ ದೇವರ ವಾಕ್ಯವನ್ನೇ ಮನನ ಮಾಡಿದರು. ದಿನದ ವಾಚನ ಅವರ ದಾರಿಯನ್ನು ಬಿಡುವುದಲ್ಲ, ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗುವುದು. ಹೊಲ, ಮನೆ, ನೌಕರಿಗಳ ನಡುವೆ ಪುರಸೊತ್ತೆಲ್ಲಿ ಎಂಬ ಮಾತೂ ಇದೆ. ವಾರದ ದಿನದ ಮೊದಲ ವಾಚನ, ಕೀರ್ತನೆ, ಶುಭಸಂದೇಶ ಮೂರನ್ನೂ ನಿಧಾನವಾಗಿ ಓದಲು ಹತ್ತು ನಿಮಿಷ ಸಾಕು. ನಾಟಿಯ ದಿನಗಳಲ್ಲಿ ಶುಭಸಂದೇಶವೊಂದೇ ಆದೀತು. ಅದರ ಒಂದು ಮಾತು ಗದ್ದೆಯವರೆಗೂ ಜೊತೆಗೆ ಬರುತ್ತದೆ.

ಇನ್ನೂ ಗಂಭೀರವಾದದ್ದು, ತಾನೇ ಓದಿದವನು ತನಗೆ ತೋಚಿದ ಅರ್ಥ ಹಚ್ಚುತ್ತಾನೆ ಎಂಬ ಭಯ. ದಿನದ ವಾಚನದಲ್ಲಿ ಆ ಅಪಾಯ ಕಡಿಮೆ. ಮನಸ್ಸಿಗೆ ಹಿತವಾದ ವಚನವನ್ನೇ ಹುಡುಕಿ ಹಿಡಿಯುವವನು ತನ್ನ ಮನಸ್ಸನ್ನೇ ಓದಿಕೊಳ್ಳುತ್ತಾನೆ. ಗೊತ್ತುಪಡಿಸಿದ ವಾಚನವಾದರೋ ನಮಗೆ ಬೇಡವಾದದ್ದನ್ನೂ ಎದುರಿಗೆ ತರುತ್ತದೆ: ಬದುವಿನ ಜಗಳ ನಡೆದ ದಿನವೇ ಕ್ಷಮೆಯ ಮಾತು ಬಂದೀತು. ಜೊತೆಗೆ ಗುರುಗಳ ಪ್ರಬೋಧನೆಯಿದೆ, ಧರ್ಮಸಭೆಯ ಬೋಧನೆಯಿದೆ. ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ಹಳೆಯ ನಾಲ್ಕು ಮೆಟ್ಟಿಲುಗಳನ್ನು ವಿವರಿಸುತ್ತ ಪೋಪ್ ಹದಿನಾರನೆಯ ಬೆನೆಡಿಕ್ಟರು, ಓದು ನಡತೆಯಲ್ಲಿ ಇಳಿದಾಗಲೇ ಪೂರ್ಣ ಎಂದು 2010ರಲ್ಲಿ ಬರೆದರು. ಮೊಬೈಲಿಗೆ ಬಂದ ಚಿಂತನವನ್ನು ಹತ್ತು ಜನರಿಗೆ ಕಳಿಸಿದರೆ ಈ ಕೆಲಸ ಮುಗಿಯದು. ಬದುವಿನ ಆಚೆಗಿನ ನೆರೆಯವನೊಡನೆ ಮಾತು ಶುರುವಾದರೆ ಮುಗಿದೀತು.

ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ವರ್ಷ, ಗುರುಗಳ ಹೆಸರು ದಾಖಲಾಗುತ್ತವೆ, ಆಗಲೇಬೇಕು. ಆದರೆ ತಿಮೊಥೇಯನ ವಿಶ್ವಾಸದ ಮೂಲ ಹೇಳುವಾಗ ಪೌಲ ಹೆಸರಿಸಿದ್ದು ಒಬ್ಬ ಅಜ್ಜಿಯನ್ನು, ಒಬ್ಬ ತಾಯಿಯನ್ನು. ಬರುವ ಜನವರಿ 26ರಂದು ಆ ಪತ್ರವನ್ನು ಮನೆಯಲ್ಲಿ ಅಜ್ಜಿ ಕೊಂಕಣಿಯಲ್ಲಿ ಓದಲಿ, ಶಾಲೆಗೆ ಹೋಗುವ ಮೊಮ್ಮಗಳು ಅದನ್ನೇ ಕನ್ನಡದಲ್ಲಿ ಓದಲಿ. ಮರುದಿನದ ವಾಚನವೂ ಪಂಚಾಂಗದಲ್ಲಿ ಸಿದ್ಧವಾಗಿಯೇ ಇರುತ್ತದೆ.