ಕುವಳಾಲಪುರದಲ್ಲಿ ನಡಿಗೆ: ಕೋಲಾರದ ಮಧ್ಯಕಾಲೀನ ಅವಶೇಷಗಳು

ಕೋಲಾರದ ಹಳೆಯ ಹೆಸರು ಕುವಳಾಲ. ಗಂಗ ಅರಸರ ಶಾಸನಗಳಲ್ಲಿ ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳು ಮತ್ತೆ ಮತ್ತೆ ಬರುತ್ತವೆ. ರಾಜಧಾನಿ ಕಾವೇರಿ ತೀರದ ತಲಕಾಡಿಗೆ ಹೋಗಿ ಶತಮಾನಗಳು ಕಳೆದರೂ ಅವರು ಈ ಊರಿನ ಹೆಸರನ್ನು ಬಿಡಲಿಲ್ಲ. ಆ ಕಾರಣದಿಂದಲೇ ಕೋಲಾರಕ್ಕೆ ಬರುವ ಶ್ರಾವಕರು ಬಸ್ಸಿನಿಂದ ಇಳಿದ ಕೂಡಲೇ ‘ಗಂಗರ ಬಸದಿ ಎಲ್ಲಿದೆ?’ ಎಂದು ಕೇಳುವುದುಂಟು. ಪಟ್ಟಣದ ನಡಿಗೆಯಲ್ಲಿ ಕಾಣುವ ಕಟ್ಟಡಗಳಲ್ಲಿ ಅದು ಇಲ್ಲ. ಇದನ್ನು ಮೊದಲೇ ಹೇಳಿ ಹೊರಡುವ ಮಾರ್ಗದರ್ಶಕರ ಜೊತೆ ಹೋಗುವುದು ಒಳ್ಳೆಯದು.

ಗಂಗರಿಗೂ ಜೈನಧರ್ಮಕ್ಕೂ ಇರುವ ನಂಟನ್ನು ವಿವರವಾಗಿ ಹೇಳುವುದು ಶಿವಮೊಗ್ಗ ಜಿಲ್ಲೆಯ ಕಲ್ಲೂರುಗುಡ್ಡದ 12ನೆಯ ಶತಮಾನದ ಶಾಸನ. ದಡಿಗ ಮತ್ತು ಮಾಧವ ಎಂಬ ಇಬ್ಬರು ರಾಜಕುಮಾರರು ಪೇರೂರಿನಲ್ಲಿ ಸಿಂಹನಂದ್ಯಾಚಾರ್ಯರನ್ನು ಕಂಡರು. ಆಚಾರ್ಯರ ಕೃಪೆಯಿಂದ ನಂದಗಿರಿ ಅವರ ಕೋಟೆಯಾಯಿತು, ಕುವಳಾಲ ಪಟ್ಟಣವಾಯಿತು, ಗಂಗವಾಡಿ ತೊಂಬತ್ತಾರು ಸಾವಿರ ನಾಡಾಯಿತು, ಜಿನೇಂದ್ರನೇ ದೈವವಾದನು. ಮಧು ಮಾಂಸ ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ವಂಶ ಕೆಡುವುದೆಂದು ಆಚಾರ್ಯರು ಎಚ್ಚರಿಕೆಯನ್ನೂ ಕೊಟ್ಟರು. ಗಂಗರ ಆಳ್ವಿಕೆ ಮೊದಲಾದದ್ದು 4ನೆಯ ಶತಮಾನದಲ್ಲಿ. ಈ ಶಾಸನ ಕೆತ್ತಿದ್ದು ಅದಾಗಿ ಸುಮಾರು ಏಳುನೂರೈವತ್ತು ವರ್ಷಗಳ ನಂತರ. ಆದ್ದರಿಂದ ಇದನ್ನು ಜೋಪಾನವಾಗಿ ಉಳಿದು ಬಂದ ನೆನಪು ಎಂದು ಓದಬೇಕು, ದಿನಚರಿ ಎಂದಲ್ಲ.

ನಡಿಗೆಯನ್ನು ಕೋಲಾರಮ್ಮನ ಗುಡಿಯಿಂದ ಆರಂಭಿಸುವುದು ಅನುಕೂಲ. 11ನೆಯ ಶತಮಾನದ ಮೊದಲಲ್ಲಿ ಚೋಳರು ಗಂಗವಾಡಿಯನ್ನು ಗೆದ್ದರು. ರಾಜೇಂದ್ರ ಚೋಳನ (1014–1044) ಕಾಲದಲ್ಲಿ ಇಲ್ಲಿನ ಇಟ್ಟಿಗೆಯ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಲಾಯಿತು. ಗೋಡೆಯ ಬುಡದ ಸುತ್ತ ತಮಿಳು ಶಾಸನಗಳಿವೆ. ಕನ್ನಡ ಓದಬಲ್ಲವರೂ ಇಲ್ಲಿ ಸುಮ್ಮನೆ ನಿಲ್ಲಬೇಕಾಗುತ್ತದೆ, ತಂಡದಲ್ಲಿ ತಮಿಳು ಲಿಪಿ ಬಲ್ಲವರೊಬ್ಬರಿದ್ದರೆ ಅರ್ಧ ಗಂಟೆ ಸಾರ್ಥಕ. ಒಳಗೆ ಕೋಲಾರಮ್ಮ ಮತ್ತು ಸಪ್ತಮಾತೃಕೆಯರ ಸನ್ನಿಧಿಗಳಿವೆ, ಚೇಳಿನ ದೇವತೆ ಚೇಳಮ್ಮನೂ ಇದ್ದಾಳೆ. ಯುದ್ಧದ ದೃಶ್ಯ ಕೆತ್ತಿದ ಕಲ್ಲನ್ನು ನೋಡದೆ ಬರಬಾರದು.

ಇಲ್ಲೇ ಒಂದು ತಪ್ಪು ಸುಲಭವಾಗಿ ನಡೆಯುತ್ತದೆ. ಸವೆದ ಕುಳಿತ ಮೂರ್ತಿಯೊಂದನ್ನು ಕಂಡು ‘ಇದು ಜಿನಬಿಂಬವೇ, ಇದು ಮೊದಲು ಬಸದಿಯಾಗಿತ್ತು’ ಎಂದು ಯಾರೋ ಹೇಳುತ್ತಾರೆ. ಸಂಜೆಯೊಳಗೆ ಅದು ಹತ್ತು ಮೊಬೈಲುಗಳಿಗೆ ಹೋಗಿರುತ್ತದೆ. ಜಿನಬಿಂಬವನ್ನು ಗುರುತಿಸಲು ಲಕ್ಷಣಗಳಿವೆ: ಪರ್ಯಂಕಾಸನ ಅಥವಾ ಕಾಯೋತ್ಸರ್ಗದ ನಿಲುವು, ತಲೆಯ ಮೇಲೆ ಮುಕ್ಕೊಡೆ, ಸಿಂಹಪೀಠ, ಲಾಂಛನ, ಪೀಠದ ಬರಹ. ಕೈಯಲ್ಲಿ ಆಯುಧವಿದ್ದರೆ ಅದು ತೀರ್ಥಂಕರರ ಮೂರ್ತಿಯಲ್ಲ. ಹಾಗೆಯೇ ವೀರಗಲ್ಲನ್ನು ನಿಷಿಧಿಗಲ್ಲು ಎನ್ನುವುದೂ ಇದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಸಾಮಾನ್ಯವಾಗಿ ಕಾಳಗವಿರುತ್ತದೆ, ನಿಷಿಧಿಯದು ಸಮಾಧಿಮರಣದ ಸ್ಮರಣೆ. ಇನ್ನೊಬ್ಬರು ಪೂಜಿಸುವ ಗುಡಿಯಲ್ಲಿ ನಿಂತು ಆಧಾರವಿಲ್ಲದ ಮಾತನಾಡಿದರೆ ಮನಸ್ಸು ಕೆಡುತ್ತದೆ, ಮುಂದೆ ನಿಜವಾದ ಆಧಾರ ಸಿಕ್ಕಾಗ ಕೇಳುವವರೂ ಇರುವುದಿಲ್ಲ.

ಅಲ್ಲಿಂದ ಕಾಲ್ನಡಿಗೆಯಲ್ಲೇ ಸೋಮೇಶ್ವರ ದೇವಾಲಯ. ಇದು ವಿಜಯನಗರ ಕಾಲದ್ದು. ಎತ್ತರದ ಮಹಾದ್ವಾರ, ಕಲ್ಯಾಣ ಮಂಟಪದ ಕಂಬಗಳು ಮತ್ತು ಕಲ್ಯಾಣಿಗಾಗಿಯೇ ಬರಬಹುದು. ಎರಡೂ ಗುಡಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು ಬೇಡ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವೇ ಕಾಣುತ್ತವೆ. ಊರಿನಲ್ಲಿರುವ ಮಕ್ಬರಾ ಹೈದರಾಲಿಯ ತಂದೆ ಫತೇ ಮಹಮ್ಮದರ ಸಮಾಧಿ. ಮಧ್ಯಕಾಲದ ನಂತರದ್ದಾದರೂ ದಾರಿಯಲ್ಲಿ ನೋಡಿ ಬರಬಹುದು.

ಇನ್ನೊಂದು ದಿನವಿದ್ದರೆ ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋಗಬೇಕು. 10ನೆಯ ಶತಮಾನದ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು ಒಂದೇ ಆವರಣದಲ್ಲಿದೆ. ಮುಳಬಾಗಿಲು ಎಂದರೆ ಮೂಡಲಬಾಗಿಲು. ಅದರ ಹತ್ತಿರದ ಕುರುಡುಮಲೆಯ ಏಕಶಿಲಾ ಗಣಪತಿ ಪ್ರಸಿದ್ಧ. ಮಾಲೂರು ತಾಲ್ಲೂಕಿನಲ್ಲಿ ಟೇಕಲ್‌ನ ವರದರಾಜ ದೇವಾಲಯವಿದೆ. ಶ್ರೀನಿವಾಸಪುರ ಮೊದಲು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ಮಗನ ಹೆಸರಿನಿಂದ ಈಗಿನ ಹೆಸರಿಟ್ಟರು, ಮಧ್ಯಕಾಲವನ್ನು ಹುಡುಕುವವರಿಗೆ ಪಟ್ಟಣದಲ್ಲಿ ಹೆಚ್ಚು ಕೆಲಸವಿಲ್ಲ.

ಹಾಗಾದರೆ ಜೈನ ಕುರುಹು ಎಲ್ಲಿ? ಗಂಗರ ಬಿರುದಿನ ಇನ್ನೊಂದು ಅರ್ಧವಾದ ನಂದಗಿರಿಯಲ್ಲಿ, ಅಂದರೆ ಇಂದಿನ ನಂದಿಯಲ್ಲಿ. ಅಲ್ಲಿನ ಗೋಪಿನಾಥ ಬೆಟ್ಟದ ಹಳೆಯ ಶಾಸನ ಅರ್ಹಂತರ ಚೈತ್ಯಾಲಯವೊಂದನ್ನು ಹೇಳುತ್ತದೆ. ಅದನ್ನು ದಶರಥನ ಮಗ ರಾಮನು ಕಟ್ಟಿಸಿದನೆಂದೂ ಕುಂತಿಯು ಜೀರ್ಣೋದ್ಧಾರ ಮಾಡಿದಳೆಂದೂ ಅದರ ಮಾತು. ಕಥೆಯ ಭಾಗ ಹೇಗೇ ಇರಲಿ, ಬೆಟ್ಟದ ಮೇಲೆ ಜಿನಾಲಯವಿದ್ದುದಕ್ಕೆ ಕಲ್ಲಿನ ಮೇಲಿನ ಸಾಕ್ಷಿ ಇದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ, ಕೋಲಾರ ಜಿಲ್ಲೆಯದು, ಇದನ್ನೂ ಒಳಗೊಂಡಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ್ದರಿಂದ ಈಗಿನ ಕೋಲಾರದ ನಕ್ಷೆ ಹಿಡಿದು ಹೋದವರಿಗೆ ನಂದಿ ತಪ್ಪಿಹೋಗುತ್ತದೆ.

ಕೋಲಾರದ ಎರಡು ಗುಡಿಗಳನ್ನು ಬೆಳಿಗ್ಗೆ ಬೇಗ ಮುಗಿಸಬೇಕು, ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಅಂತರಗಂಗೆಗೆ ಹೋಗುವುದಾದರೆ ಮೆಟ್ಟಿಲು ಹತ್ತಬೇಕು, ಕೋತಿಗಳ ಕಾಟವೂ ಇದೆ. ಹಿರಿಯರು ಕೈಚೀಲ ಹಿಡಿಯದೆ ಹೋಗಲಿ. ಸೂರ್ಯಾಸ್ತದೊಳಗೆ ಊಟ ಮಾಡುವ ನಿಯಮವಿರುವವರು ಸೋಸಿದ ನೀರು ಮತ್ತು ಬುತ್ತಿಯನ್ನು ಮನೆಯಿಂದಲೇ ತಂದರೆ ಹೋಟೆಲು ಹುಡುಕುವ ತೊಂದರೆಯಿಲ್ಲ.