ಮಣ್ಣಿನ ಮಕ್ಕಳು, ಹೊರಗಿನವರು ಮತ್ತು ನಾವು

2016ರ ಜೂನ್ 23ರಂದು ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟ ನಮಗೆ ಬೇಡ ಅಂತ ಮತ ಹಾಕಿದರು. ಬೇಡ ಅಂದವರು ನೂರಕ್ಕೆ 51.9, ಇರಲಿ ಅಂದವರು 48.1. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದಲ್ಲಿ ಟ್ರಂಪ್ ಗೆದ್ದರು. ಪೇಪರು, ಟೀವಿಯಲ್ಲೆಲ್ಲ ಇದೊಂದು ಹೊಸ ಯುಗ, ಹೊಸ ರಾಜಕೀಯ ಅಂತ ಚರ್ಚೆಯೋ ಚರ್ಚೆ. ಡೊಂಬಿವಲಿಯಲ್ಲಿ ಕೂತ ನನಗೆ ಮಾತ್ರ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮ ನಾಡಿನ ಹಿಡಿತ ನಮ್ಮ ಕೈಗೇ ವಾಪಸ್ ಬರಬೇಕು ಅನ್ನುವುದು ಅವರ ಘೋಷಣೆಯ ಸಾರ. ಅದರ ಮರಾಠಿ ರೂಪ ನಮ್ಮ ಠಾಣೆಯಲ್ಲಿ ಸುಮಾರು ಐವತ್ತು ವರ್ಷ ಮೊದಲೇ ಚುನಾವಣೆಗೆ ನಿಂತು ಗೆದ್ದಾಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ನೂರಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟ ಸಂಯುಕ್ತ ಮಹಾರಾಷ್ಟ್ರ ಹೋರಾಟದ ಫಲವಾಗಿ 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು, ಮುಂಬಯಿ ಅದರ ರಾಜಧಾನಿಯಾಯಿತು. ರಾಜ್ಯ ಬಂತು ಸರಿ, ಆದರೆ ಊರು ಯಾರದ್ದು? 1961ರ ಜನಗಣತಿಯ ಪ್ರಕಾರ ಮುಂಬಯಿಯಲ್ಲಿ ಮರಾಠಿ ಮಾತಾಡುವವರು ನೂರಕ್ಕೆ ಸುಮಾರು 43 ಮಾತ್ರ. ಗಿರಣಿ, ಪೇಟೆ, ಬಂಡವಾಳ ಹೆಚ್ಚಾಗಿ ಗುಜರಾತಿ, ಪಾರ್ಸಿ, ಮಾರ್ವಾಡಿಗಳ ಕೈಯಲ್ಲಿ. ಆಫೀಸುಗಳಲ್ಲಿ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು ಬಂದ ದಕ್ಷಿಣದವರು. ಒಬ್ಬ ಒಳಗೆ ಸೇರಿದರೆ ಊರಿಂದ ತಮ್ಮನನ್ನೋ ಭಾವಮೈದುನನನ್ನೋ ಕರೆಸಿಕೊಳ್ಳುತ್ತಿದ್ದ. ಮೆಟ್ರಿಕ್ ಪಾಸಾದ ಮರಾಠಿ ಹುಡುಗ ಹೊರಗೆ ನಿಂತು ನೋಡುತ್ತಿದ್ದ. ಅವನ ಸಿಟ್ಟಿಗೆ ಕಾರಣವೇ ಇರಲಿಲ್ಲ ಅಂತ ಹೇಳುವುದು ಸುಳ್ಳಾಗುತ್ತದೆ.

ಆ ಸಿಟ್ಟಿಗೆ ಹಾದಿ ತೋರಿಸಿದ್ದು ಬಾಳ ಠಾಕ್ರೆಯವರ 'ಮಾರ್ಮಿಕ್' ವಾರಪತ್ರಿಕೆ. ಕಂಪನಿಗಳ ಅಧಿಕಾರಿಗಳ ಹೆಸರುಗಳನ್ನು ಪಟ್ಟಿ ಮಾಡಿ ಅದು ವಾರವಾರ ಛಾಪಿಸುತ್ತಿತ್ತು. ತಲೆಬರಹ 'ವಾಚಾ ಆಣಿ ಥಂಡ್ ಬಸಾ', ಅಂದರೆ ಓದಿ, ತಣ್ಣಗೆ ಕೂತಿರಿ ಅನ್ನುವ ಚುಚ್ಚುಮಾತು. ಕೆಲವು ದಿನಗಳಲ್ಲಿ ಅದು 'ಓದಿ, ಎದ್ದೇಳಿ' ಅಂತಾಯಿತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. 'ಉಠಾವ್ ಲುಂಗಿ, ಬಜಾವ್ ಪುಂಗಿ' ಎಂಬ ಘೋಷಣೆ ಗಲ್ಲಿ ಗಲ್ಲಿಯಲ್ಲಿ ಕೇಳಿಸಿತು. ತಮಾಷೆ ಏನೆಂದರೆ, ಊರಿನಲ್ಲಿ ದಕ್ಷಿಣದವರು ಹತ್ತಕ್ಕೆ ಒಬ್ಬರೂ ಇರಲಿಲ್ಲ. ಗಿರಣಿಯ ಮಾಲೀಕನನ್ನು ಬಿಟ್ಟು ಅವನ ಆಫೀಸಿನ ಟೈಪಿಸ್ಟನ ಹೆಸರು ಪಟ್ಟಿಗೆ ಬಂತು. ಮಾಲೀಕನನ್ನು ಎದುರು ಹಾಕಿಕೊಳ್ಳುವುದು ಕಷ್ಟ, ಟೈಪಿಸ್ಟ್ ಕೈಗೆ ಸಿಗುತ್ತಾನೆ.

1967ರಲ್ಲಿ ಠಾಣೆ ನಗರಪಾಲಿಕೆಯ 40 ಸ್ಥಾನಗಳಲ್ಲಿ 17 ಸೇನೆಗೆ ಬಂದವು. ಅದರ ಮೊದಲ ಅಧಿಕಾರ ಮುಂಬಯಿಯಲ್ಲಲ್ಲ, ನಮ್ಮ ಠಾಣೆಯಲ್ಲಿ. 1968ರ ಮಾರ್ಚಿನಲ್ಲಿ ಮುಂಬಯಿ ಪಾಲಿಕೆಯಲ್ಲಿ ಅದು 42 ಸ್ಥಾನ ಗೆದ್ದಿತು. ಮರು ತಿಂಗಳೇ, ಏಪ್ರಿಲ್ 20ರಂದು, ಬರ್ಮಿಂಗ್‌ಹ್ಯಾಮಿನಲ್ಲಿ ಈನಾಕ್ ಪೊವೆಲ್ ಎಂಬ ಬ್ರಿಟಿಷ್ ಸಂಸದರು ವಲಸಿಗರ ವಿರುದ್ಧ ಭಾಷಣ ಮಾಡಿದರು. ಅವರ ಪಕ್ಷ ಅವರನ್ನು ಮುಂಚೂಣಿಯ ಸ್ಥಾನದಿಂದ ಕಿತ್ತುಹಾಕಿತು. ಆದರೆ ಲಂಡನ್ ಬಂದರಿನ ಕೂಲಿಗಳು ಕೆಲಸ ಬಿಟ್ಟು ಅವರ ಪರ ಮೆರವಣಿಗೆ ಹೊರಟರು. ಬಂದರಿನಲ್ಲಿ ಕಂಟೇನರ್ ಹಡಗುಗಳು ಬಂದು ಆ ಕೂಲಿಗಳ ಕೆಲಸವೇ ಹೋಗಲಿದ್ದ ಕಾಲ ಅದು. ಹಡಗಿನ ಕಂಪನಿಯ ಮೇಲೆ ಬರಬೇಕಿದ್ದ ಸಿಟ್ಟು ಪಕ್ಕದ ಬೀದಿಯ ವಲಸಿಗನ ಮೇಲೆ ಬಂತು. ಠಾಣೆಯನ್ನೂ ಲಂಡನ್ನನ್ನೂ ಪಕ್ಕಪಕ್ಕ ಇಟ್ಟು ನೀವೇ ನೋಡಿ.

ನಮ್ಮ ಕನ್ನಡಿಗರ ಪಾಲಿಗೆ ಕಹಿಯಾದದ್ದು 1969. ಮಹಾರಾಷ್ಟ್ರದ ಒತ್ತಾಯದ ಮೇಲೆಯೇ 1966ರಲ್ಲಿ ಕೇಂದ್ರ ಸರಕಾರ ಮಹಾಜನ ಆಯೋಗ ನೇಮಿಸಿತ್ತು. 1967ರ ವರದಿ ಬೆಳಗಾವಿ ಆಗಿನ ಮೈಸೂರು ರಾಜ್ಯದಲ್ಲೇ ಇರಲಿ ಅಂದಿತು. ನಿಪ್ಪಾಣಿ, ಖಾನಾಪುರ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳು ಮೈಸೂರಿಗೆ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಅಂತ ಹಂಚಿತು. ಮಹಾರಾಷ್ಟ್ರ ಒಪ್ಪಲಿಲ್ಲ. 1969ರ ಫೆಬ್ರವರಿಯಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿ ಮುಂಬಯಿಗೆ ಬಂದಾಗ ಸೇನೆಯವರು ಮಾಹೀಮಿನಲ್ಲಿ ಅವರ ಕಾರು ತಡೆಯಲು ನಿಂತರು. ಗಲಾಟೆಯಾಯಿತು, ಠಾಕ್ರೆಯವರನ್ನು ಬಂಧಿಸಿದರು, ಊರು ಹೊತ್ತಿಕೊಂಡಿತು. 50ಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳ ಗಾಜು, ಗಲ್ಲಾಪೆಟ್ಟಿಗೆ ಪುಡಿಯಾದವು. ಬೆಳಗಾವಿಯ ಗಡಿ ಎಲ್ಲಿ ಹಾಯಬೇಕು ಅಂತ ತೀರ್ಮಾನಿಸುವ ಅಧಿಕಾರ ಆ ಹೋಟೆಲಿನ ದೋಸೆ ಭಟ್ಟರಿಗೆ ಯಾವತ್ತೂ ಇರಲಿಲ್ಲ. ಆದರೆ ದೆಹಲಿ ದೂರ, ಹೋಟೆಲು ಹತ್ತಿರ. ಗಡಿಯ ವ್ಯಾಜ್ಯವನ್ನು 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದಿತು. ಅದು ಇನ್ನೂ ಅಲ್ಲೇ ಇದೆ.

ಇಷ್ಟೆಲ್ಲ ಆಗಿ ಮರಾಠಿ ಹುಡುಗನಿಗೆ ಏನು ಸಿಕ್ಕಿತು? ಏನೂ ಸಿಗಲಿಲ್ಲ ಅನ್ನುವಂತಿಲ್ಲ. 1970ರ ದಶಕದಲ್ಲಿ ಸೇನೆಯ ಸ್ಥಾನೀಯ ಲೋಕಾಧಿಕಾರ ಸಮಿತಿ ಬ್ಯಾಂಕು, ವಿಮಾ ಕಂಪನಿಗಳ ಬಾಗಿಲು ತಟ್ಟಿ ಸಾಕಷ್ಟು ಕೆಲಸ ಕೊಡಿಸಿತು. ಆದರೆ ದೊಡ್ಡ ಪೆಟ್ಟು ಬಂದದ್ದು ಬೇರೆ ಕಡೆಯಿಂದ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಸೋತಿತು, ಒಂದೊಂದಾಗಿ ಗಿರಣಿಗಳು ಮುಚ್ಚಿದವು, ಆ ಜಾಗದಲ್ಲಿ ಮಾಲುಗಳೂ ಗಗನಚುಂಬಿಗಳೂ ಎದ್ದವು. ಲಾಲಬಾಗ್, ಪರೇಲಿನ ಚಾಳಿನ ಖೋಲಿ ಮಾರಿ ಮರಾಠಿ ಸಂಸಾರಗಳು ಡೊಂಬಿವಲಿ, ಕಲ್ಯಾಣ, ಬದಲಾಪುರಕ್ಕೆ ಹೊರಟವು. ನಾನು ಡೊಂಬಿವಲಿಗೆ ಬಂದದ್ದೂ ಅದೇ ವರ್ಷ. ಮುಂಬಯಿಯಲ್ಲಿ ಪಗಡಿ ಕೊಡುವ ತಾಕತ್ತು ನನಗೂ ಇರಲಿಲ್ಲ. ಮರಾಠಿಯವನನ್ನು ಮುಂಬಯಿಯಿಂದ ಹೊರಗೆ ಹಾಕಿದ್ದು ಲುಂಗಿಯವನಲ್ಲ, ಚದರಡಿಯ ದರ. ಅದೇ ದರ ನನ್ನನ್ನೂ ಅವನ ಪಕ್ಕದ ಮನೆಗೆ ತಂದು ಕೂರಿಸಿತು. ಬೆಳಗಿನ ಲೋಕಲ್ಲಿನಲ್ಲಿ ನಾವಿಬ್ಬರೂ ಒಂದೇ ಬಾಗಿಲಿಗೆ ನೇತಾಡಿದೆವು.

'ಹೊರಗಿನವ' ಮಾತ್ರ ಕಾಲಕಾಲಕ್ಕೆ ಬದಲಾಗುತ್ತಾ ಹೋದ. ಮೊದಲು ದಕ್ಷಿಣದವರು, ಆಮೇಲೆ ಮುಸ್ಲಿಮರು. 2006ರಲ್ಲಿ ರಾಜ್ ಠಾಕ್ರೆ ಮನಸೇ ಕಟ್ಟಿದ ಮೇಲೆ ಉತ್ತರದವರು. 2008ರ ಅಕ್ಟೋಬರಿನಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಹುಡುಗರಿಗೆ ಹೊಡೆದರು, ಕಲ್ಯಾಣ, ಡೊಂಬಿವಲಿಯಲ್ಲೂ ಆಗ ಗಲಭೆಯಾಯಿತು. 2025ರಲ್ಲಿ ನಮ್ಮ ಜಿಲ್ಲೆಯದೇ ಮೀರಾ ರೋಡಿನಲ್ಲಿ ಮರಾಠಿಯಲ್ಲಿ ಮಾತಾಡಲಿಲ್ಲ ಅಂತ ಒಬ್ಬ ಅಂಗಡಿಯವನ ಕೆನ್ನೆಗೆ ಬಾರಿಸಿದರು. ಬ್ರಿಟನ್ನಿನ ಕಥೆಯೂ ಹೆಚ್ಚುಕಡಿಮೆ ಇದೇ. 2020ರ ಜನವರಿ 31ಕ್ಕೆ ಅವರು ಒಕ್ಕೂಟದಿಂದ ಹೊರಬಂದರು, ಪೋಲೆಂಡಿನವರು ಬರುವುದು ಕಡಿಮೆಯಾಯಿತು. ಆದರೆ ಆಸ್ಪತ್ರೆಗೆ, ವೃದ್ಧರ ಸೇವೆಗೆ ಜನ ಬೇಕಲ್ಲ! 2023ರ ಹೊತ್ತಿಗೆ ಬಂದವರಲ್ಲಿ ಹೋದವರನ್ನು ಕಳೆದರೆ ಒಂದೇ ವರ್ಷದಲ್ಲಿ ಉಳಿದವರು 9 ಲಕ್ಷದ ಆಸುಪಾಸು. ಅದರಲ್ಲಿ ಹೆಚ್ಚಿನವರು ಭಾರತ, ನೈಜೀರಿಯಾದಂಥ ದೇಶಗಳವರು. ಹಿಡಿತ ವಾಪಸ್ ಬಂತು, ಸಿಟ್ಟು ಹಾಗೇ ಉಳಿಯಿತು.

ಹಾಗಾದರೆ ಮಣ್ಣಿನ ಮಕ್ಕಳ ಹಕ್ಕು ಅನ್ನುವುದೇ ಸುಳ್ಳೇ? ಅಲ್ಲ. ಅದಕ್ಕೆ ನವಿ ಮುಂಬಯಿಯನ್ನೇ ನೋಡಬೇಕು. 1970ರಲ್ಲಿ ಸಿಡ್ಕೋ ಹುಟ್ಟಿ ಠಾಣೆ, ಪನವೇಲ, ಉರಣ ತಾಲೂಕುಗಳ 95 ಹಳ್ಳಿಗಳ ನೆಲ ಈ ಊರಿಗಾಗಿ ಹೋಯಿತು. ಗದ್ದೆ, ಉಪ್ಪಿನ ಆಗರ ಕಳೆದುಕೊಂಡವರು ಆಗ್ರಿ, ಕೋಳಿ ಜನ. ದಿ. ಬಾ. ಪಾಟೀಲರ ನೇತೃತ್ವದಲ್ಲಿ ಅವರು ಹೋರಾಡಿದರು. 1984ರ ಜನವರಿಯಲ್ಲಿ ಜಾಸಯಿಯ ಬಳಿ ಪೊಲೀಸ್ ಗೋಲಿಬಾರಿಗೆ ಐವರು ಬಲಿಯಾದರು. ಮುಂದೆ, ಕಳೆದುಕೊಂಡ ನೆಲದ ನೂರಕ್ಕೆ 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಕೊಡುವ ಯೋಜನೆ ಬಂತು. ಆ ಹೋರಾಟದ ಸಿಟ್ಟು ತಿರುಗಿದ್ದು ಸರಕಾರದ ಕಡೆಗೆ. ವಾಶಿಯಲ್ಲಿ ಫ್ಲ್ಯಾಟು ಕೊಂಡ ಗುಮಾಸ್ತನ ಕಡೆಗಲ್ಲ. ಅವರು ಕೇಳಿದ್ದಕ್ಕೆ ಲೆಕ್ಕವಿತ್ತು, ಎಷ್ಟು ನೆಲ, ಎಷ್ಟು ಪರಿಹಾರ ಅಂತ. ಏನು ಬೇಕು ಅಂತ ಹೇಳುವ ಸಿಟ್ಟಿಗೆ ಉತ್ತರ ಕೊಡಬಹುದು. ಯಾರು ಬೇಡ ಅಂತಷ್ಟೇ ಹೇಳುವ ಸಿಟ್ಟಿಗೆ ಏನು ಕೊಟ್ಟರೂ ಮುಗಿಯುವುದಿಲ್ಲ.

ಇದನ್ನೆಲ್ಲ ಮರಾಠಿಗರ ಬಗ್ಗೆ ಬರೆದು ಕೈತೊಳೆದುಕೊಂಡರೆ ಅನ್ಯಾಯ. ನಮ್ಮೂರ ಕಡೆಗೂ ಒಮ್ಮೆ ನೋಡೋಣ. 1991ರಲ್ಲಿ ಕಾವೇರಿ ತೀರ್ಪಿನ ನೆಪದಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆ ಮಠ ಸುಟ್ಟವು. ಅಣೆಕಟ್ಟೆಯ ಗೇಟು ಆ ಕೂಲಿಯವರ ಕೈಯಲ್ಲೇನೂ ಇರಲಿಲ್ಲ. ಸರೋಜಿನಿ ಮಹಿಷಿಯವರ ಸಮಿತಿ 1984ರಲ್ಲಿ ಮಧ್ಯಂತರ ವರದಿ, 1986ರಲ್ಲಿ ಅಂತಿಮ ವರದಿ ಕೊಟ್ಟಿತು. ಕನ್ನಡಿಗರಿಗೆ ಉದ್ಯೋಗ ಬೇಕು ಅನ್ನುವುದರಲ್ಲಿ ನನಗೆ ತಕರಾರಿಲ್ಲ, ಅದೂ 'ಏನು ಬೇಕು' ಅನ್ನುವ ಮಾತೇ. ಪ್ರಶ್ನೆ ಏಳುವುದು ಕನ್ನಡಿಗ ಅಂದರೆ ಯಾರು ಅಂತ ಬರೆಯಲು ಹೊರಟಾಗ.

2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಮಾಡಿದ್ದೇ ತಡೆಹಿಡಿಯಿತು. ಹರಿಯಾಣದ ಇಂಥದೇ ಕಾಯ್ದೆಯನ್ನು 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ರದ್ದು ಮಾಡಿತ್ತು. ನಮ್ಮ ಸಂವಿಧಾನದ 19ನೇ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಸರಕಾರಿ ಕೆಲಸದಲ್ಲಿ ಹುಟ್ಟಿದ ಜಾಗ ನೋಡಬಾರದು ಅಂತ 16ನೇ ವಿಧಿ ಹೇಳುತ್ತದೆ. ಆದರೆ ನಾನು ಆ ಮಸೂದೆಯಲ್ಲಿ ಹುಡುಕಿದ್ದು ಬೇರೆ. ಸ್ಥಳೀಯ ಅಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲೇ ವಾಸವಿದ್ದು, ಕನ್ನಡ ಮಾತಾಡಿ ಓದಿ ಬರೆಯಬಲ್ಲವನು ಅಂತ ಅದರಲ್ಲಿತ್ತು.

ನನ್ನ ಮಗ ಹುಟ್ಟಿದ್ದು ಕಲ್ಯಾಣದಲ್ಲಿ. ಮನೆಯಲ್ಲಿ ಕನ್ನಡ ಓದಲು, ಬರೆಯಲು ಕಲಿತ. ಮರಾಠಿಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾನೆ. ಇಲ್ಲಿಯ ಪಟ್ಟಿಗಾರರಿಗೆ ಅವನ ಅಡ್ಡಹೆಸರು ಹೊರಗಿನದು, ಅಲ್ಲಿಯ ಪಟ್ಟಿಗಾರರಿಗೆ ಅವನು ಹುಟ್ಟಿದ ಊರು ಹೊರಗಿನದು. ಠಾಣೆ ಜಿಲ್ಲೆಯಲ್ಲಿ ಅವನಂಥ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ನಾಳೆ ಈ ಎರಡು ರಾಜ್ಯಗಳಲ್ಲಿ ಯಾವುದಾದರೂ ಮಣ್ಣಿನ ಮಕ್ಕಳ ಕಾಯ್ದೆ ಬರೆಯಲು ಕೂತರೆ, ಹುಟ್ಟಿದ ಊರನ್ನೂ ಅಡ್ಡಹೆಸರನ್ನೂ ಪಕ್ಕಕ್ಕಿಟ್ಟು, ಇಷ್ಟು ವರ್ಷ ಇಲ್ಲಿದ್ದು ಇಲ್ಲಿಯ ಮಾತು ಕಲಿತವನು ಇಲ್ಲಿಯವನೇ ಅಂತ ಬರೆಯಲಿ. ಡೊಂಬಿವಲಿಯಲ್ಲಿ ಕೂತು ನಾನು ಕೇಳುವುದು ಇಷ್ಟೇ.